ನಾನು ನೋಡದ ಸಮುದ್ರದ ಪಾಠ

ಸಮುದ್ರದ ಪಾಠವನ್ನು ನಾನು ಮೂರು ವರ್ಷ ಮಾಡಿದೆ. ಆ ಮೂರು ವರ್ಷವೂ ನಾನು ಸಮುದ್ರ ನೋಡಿದವಳಲ್ಲ.

ತಮಿಳುನಾಡಿನ ಗಡಿಯ ಬೆಟ್ಟದ ಮೇಲಿರುವ ತಾಳವಾಡಿಯ ಸುತ್ತಿನ ನಮ್ಮ ಕನ್ನಡದ ಊರುಗಳಲ್ಲಿ ಇದು ದೊಡ್ಡ ಸಂಗತಿಯೇನಲ್ಲ. ಕೆಳಗೆ ಇಳಿಯಬೇಕೆಂದರೆ ದಿಂಬಂ ಘಾಟಿಯ ಇಪ್ಪತ್ತೇಳು ತಿರುವು. ಇಳಿದವರು ಕಚೇರಿ ಕೆಲಸ ಮುಗಿಸಿಕೊಂಡು ಕತ್ತಲಾಗುವುದರೊಳಗೆ ಹತ್ತಿ ಬಂದುಬಿಡುತ್ತಾರೆ. ಸಂತೆ, ಆಸ್ಪತ್ರೆ, ನೆಂಟಸ್ತನ ಹೆಚ್ಚಿನಂಶ ಚಾಮರಾಜನಗರದ ಕಡೆಗೇ. ಸಮುದ್ರ ಯಾವ ಕೆಲಸಕ್ಕೂ ನಮ್ಮ ದಾರಿಗೆ ಬರುವುದಿಲ್ಲ.

ನಾನು ಕನ್ನಡ ಮಾಧ್ಯಮದ ಒಂಬತ್ತು, ಹತ್ತನೇ ತರಗತಿಗಳಿಗೆ ಸಮಾಜ ವಿಜ್ಞಾನ ಹೇಳುತ್ತಿದ್ದೆ. ಖಾಯಂ ಹುದ್ದೆ ಖಾಲಿ ಬಿದ್ದಿದ್ದರಿಂದ ಪೋಷಕರ ಸಂಘದವರು ಗೊತ್ತುಮಾಡಿಕೊಂಡ ತಾತ್ಕಾಲಿಕ ಶಿಕ್ಷಕಿ. ಒಂಬತ್ತನೇ ತರಗತಿಯ ಪುಸ್ತಕದಲ್ಲಿ ಅಲೆಗಳು, ಕಡಲ ಕಮಾನು, ಭೂಶಿರ, ದಡದಿಂದ ಬೇರ್ಪಟ್ಟು ನೀರಿನಲ್ಲಿ ಒಂಟಿಯಾಗಿ ನಿಂತ ಬಂಡೆಯಾದ ಕಡಲ ಸ್ತಂಭ ಎಲ್ಲ ಬರುತ್ತಿದ್ದವು. ಅಗಲವಾದ ತಟ್ಟೆಯಲ್ಲಿ ಒಂದು ಬದಿಗೆ ಕೆಮ್ಮಣ್ಣು ಒತ್ತಿ, ಇನ್ನೊಂದು ಬದಿಗೆ ನೀರು ಹೊಯ್ದು, ಅಂಗೈಯಿಂದ ಅಲೆ ಎಬ್ಬಿಸಿ ತೋರಿಸುತ್ತಿದ್ದೆ. ನೀರು ಮಣ್ಣನ್ನು ಬುಡದಲ್ಲಿ ಕೊರೆಯುತ್ತಿತ್ತು, ಮೇಲಿನದು ಕುಸಿಯುತ್ತಿತ್ತು. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಸಮುದ್ರ ಎಂದರೆ ಇಷ್ಟೇ ಎಂದು ನನಗೂ ಒಳಗೊಳಗೇ ಅನ್ನಿಸಿತ್ತೋ ಏನೋ.

ಮೂರನೆಯ ವರ್ಷದ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಗೆಟ್ಟವಾಡಿ ಕಡೆಯವಳು, ಒಕ್ಕಲು ಮನೆಯ ಮಗು, ಉದ್ದ ಕಾಲಿನವಳು. ನಕ್ಷೆ ಎಂದರೆ ಅವಳಿಗೆ ಹುಚ್ಚು. ಹೆಜ್ಜೆ ಎಣಿಸಿ ದೂರ ಅಳೆಯುವುದನ್ನು ನಾನು ಒಮ್ಮೆ ಹೇಳಿಕೊಟ್ಟಿದ್ದೇ ಸಾಕಾಯಿತು. ಮನೆಯಿಂದ ಬಸ್ ನಿಲ್ದಾಣ, ನಿಲ್ದಾಣದಿಂದ ಕೆರೆ ಏರಿ, ಏರಿಯಿಂದ ಹೊಲ ಎಲ್ಲ ಎಣಿಸಿ, ನೂರು ಹೆಜ್ಜೆಗೆ ಒಂದು ಬೆರಳಗಲ ಎಂದು ಅಳತೆ ಹಾಕಿ, ಉತ್ತರಕ್ಕೆ ಬಾಣದ ಗುರುತು ಇಟ್ಟು ಬರೆದು ತಂದಿದ್ದಳು. ನಾನು ಅದನ್ನು ತರಗತಿಯ ಗೋಡೆಗೆ ಅಂಟಿಸಿದೆ. ಅವಳೇ ಒಂದು ದಿನ ತಟ್ಟೆಯ ನೀರಿನಲ್ಲಿ ಬೆರಳಾಡಿಸುತ್ತಾ ಕೇಳಿದಳು.

"ಟೀಚರ್, ನೀವು ಸಮುದ್ರವ ನೋಡಿದ್ದೀರಾ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಇಡೀ ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಮನೆಗೆ ಹೋಗುವಾಗ ಮುಖ ಉರಿಯುತ್ತಿತ್ತು. ಸಮುದ್ರಕ್ಕೆ ಪ್ರವಾಸ ಹೋಗೋಣ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿದ್ದು ಅದಾದ ಮಾರನೆಯ ವಾರ.

ಎಲ್ಲ ಮನೆಯವರೂ ಒಪ್ಪಿದರು, ಆ ಹುಡುಗಿಯ ತಾಯಿಯನ್ನು ಬಿಟ್ಟು. ನಾನೇ ಅವರ ಹೊಲಕ್ಕೆ ಹೋದೆ. ಆಕೆ ಟೊಮೆಟೊ ಗಿಡಗಳಿಗೆ ಕಡ್ಡಿ ಕಟ್ಟುತ್ತಿದ್ದವರು ಕೆಲಸ ನಿಲ್ಲಿಸದೆ ಮಾತಾಡಿದರು.

"ಕಾಡಾದ್ರ ನಂಗೆ ಗೊತ್ತು ಟೀಚರಮ್ಮ. ಆನೆ ಎಲ್ಲದ, ಗಾಳಿ ಯಾವ ಕಡೀಕ್ ಬೀಸ್ತದ, ಎಲ್ಲಾ ಗೊತ್ತು. ನೀರು ಗೊತ್ತಿಲ್ಲ. ಗೊತ್ತಿಲ್ದೆ ಇರೋದ್ಕ ಎಂಗೆ ಕಳುಸ್ಲಿ?"

"ನೀರಿಗೆ ಇಳಿಸೋದೇ ಇಲ್ಲ ಅಕ್ಕ. ದಡದ ಮೇಲೆ ನಿಂತು ನಕ್ಷೆ ಬರೆಯೋದು ಅಷ್ಟೆ. ನಾನು ಪಕ್ಕದಲ್ಲೇ ಇರ್ತೀನಿ."

ಆಕೆ ಇನ್ನೊಂದು ಕಡ್ಡಿ ಕಟ್ಟಿ ಮುಗಿಸಿದರು. "ಸರಿ, ನಿಮ್ ಮಾತ್ನ ಮ್ಯಾಲ ಬುಡ್ತೀನಿ" ಎಂದರು.

ಶನಿವಾರ ಮಧ್ಯಾಹ್ನ ಬಾಡಿಗೆ ವ್ಯಾನಿನಲ್ಲಿ ಹೊರಟೆವು. ಇಪ್ಪತ್ತೆರಡು ಮಕ್ಕಳು, ನಾನು, ನಮ್ಮ ಪಿ.ಟಿ. ಮೇಷ್ಟ್ರು. ಘಾಟಿಯ ತಿರುವುಗಳಲ್ಲಿ ಅರ್ಧ ಮಕ್ಕಳು ವಾಂತಿ ಮಾಡಿಕೊಂಡರು. ಬೆಳಗಾಗುವ ಹೊತ್ತಿಗೆ ತಿರುನಲ್ವೇಲಿ ದಾಟಿ, ಪೂರ್ವ ಕರಾವಳಿಯ ಒಂದು ಸಣ್ಣ ಮೀನುಗಾರರ ಊರು ತಲುಪಿದ್ದೆವು. ಅಲ್ಲಿ ಮರಳಿನ ದಡವೂ ಇದೆ, ಸಮುದ್ರಕ್ಕೆ ಚಾಚಿಕೊಂಡ ಬಂಡೆಯ ಭೂಶಿರವೂ ಇದೆ ಎಂದು ಯಾರೋ ಹೇಳಿದ್ದನ್ನು ನಂಬಿ ಆ ಊರನ್ನು ಆರಿಸಿದ್ದೆ.

ಸಮುದ್ರ ಕಂಡಾಗ ಮಕ್ಕಳು ಕೂಗಲಿಲ್ಲ. ಸುಮ್ಮನೆ ನಿಂತುಬಿಟ್ಟರು. ಅಷ್ಟೊಂದು ಸದ್ದು ಮಾಡುತ್ತದೆಂದು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ.

ಇಡ್ಲಿ ತಿಂದಾದ ಮೇಲೆ ಕೆಲಸ ಶುರುಮಾಡಿದೆವು. ಸೂರ್ಯನ ಕಡೆ ಮುಖ ಮಾಡಿ ನಿಲ್ಲಿಸಿ, ಎಡಗೈ ಉತ್ತರ, ಬಲಗೈ ದಕ್ಷಿಣ ಎಂದೆ. ನಾಲ್ಕೈದು ಮಕ್ಕಳ ಗುಂಪು ಮಾಡಿ, ದಡದ ಒಂದೊಂದು ತುಂಡು ಕೊಟ್ಟು, ಹೆಜ್ಜೆ ಎಣಿಸಿ ನಕ್ಷೆ ಬರೆಯಲು ಹೇಳಿದೆ. ದಕ್ಷಿಣದ ತುದಿ ಆ ಹುಡುಗಿಯ ಗುಂಪಿಗೆ ಬಂತು. ಭೂಶಿರದ ಬುಡದವರೆಗೆ ಮಾತ್ರ, ಅದರಾಚೆ ಬೇಡ ಎಂದೆ. ಯಾರೋ ಕೇಳಿದರು, "ಟೀಚರ್, ನೀರು ಮ್ಯಾಲಕ್ ಬತ್ತದಾ?"

"ಆರು ಗಂಟೆ ಏರುತ್ತೆ, ಆರು ಗಂಟೆ ಇಳಿಯುತ್ತೆ. ಈಗಷ್ಟೇ ಇಳಿದಿದೆ ನೋಡಿ, ಬಂಡೆಯೆಲ್ಲ ಒದ್ದೆಯಾಗಿದೆ. ಭಯ ಇಲ್ಲ" ಎಂದೆ. ಪಾಠದಲ್ಲಿದ್ದ ವಾಕ್ಯ ಅದು. ಆ ದಿನ ಆ ಊರಿನಲ್ಲಿ ನೀರು ಯಾವಾಗ ಏರುತ್ತದೆ ಎಂದು ದಡದಲ್ಲಿ ಬಲೆ ಹೊಲಿಯುತ್ತಿದ್ದವರನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ನಮ್ಮ ಕಡೆಯ ತಾಳಮಲೆಯ ಕಾಡಿನ ರಸ್ತೆಯಲ್ಲಿ ಬಸ್ಸು ಕೆಟ್ಟು ನಿಂತರೆ ನಾನು ಒಂದು ಮಗುವನ್ನೂ ಹತ್ತು ಹೆಜ್ಜೆ ಆಚೆಗೆ ಬಿಡುವವಳಲ್ಲ. ಪೊದೆ ಅಲುಗಿದರೆ ಎದೆ ಅಲುಗುತ್ತದೆ. ಆದರೆ ಅಲ್ಲಿ ಪೊದೆ ಇರಲಿಲ್ಲ, ಮರವಿರಲಿಲ್ಲ. ಕಣ್ಣು ಹಾಯುವವರೆಗೆ ಬಯಲು. ಬಯಲಿನಲ್ಲಿ ಮಗು ಕಳೆದುಹೋಗುವುದಿಲ್ಲ ಎಂದುಕೊಂಡು, ನಾನು ಇನ್ನೊಂದು ಗುಂಪಿಗೆ ಬಾಣದ ಗುರುತು ತಿದ್ದುತ್ತಾ ಕೂತೆ.

ಹನ್ನೊಂದು ಗಂಟೆಗೆ ಪಿ.ಟಿ. ಮೇಷ್ಟ್ರು ಸೀಟಿ ಊದಿದರು. ಎಣಿಸಿದೆ. ಇಪ್ಪತ್ತೊಂದು. ಮತ್ತೆ ಎಣಿಸಿದೆ. ಇಪ್ಪತ್ತೊಂದು. ತಲೆ ಮುಟ್ಟಿ ಮುಟ್ಟಿ ಎಣಿಸಿದೆ.

"ಅವಳೆಲ್ಲಿ?" ಎಂದು ಅವಳ ಗುಂಪಿನವರನ್ನು ಕೇಳಿದೆ.

"ಗೊತ್ತಿಲ್ಲ ಟೀಚರ್. ಇಲ್ಲೇ ಇದ್ಲು" ಎಂದಳು ಅವಳ ಗೆಳತಿ, ಯಾವಾಗಲೂ ಅವಳ ಪಕ್ಕದಲ್ಲಿ ಕೂರುವ ಗಿಡ್ಡ ಹುಡುಗಿ. ನನ್ನ ಮುಖ ನೋಡದೆ ಹೇಳಿದಳು. ಅದನ್ನು ನಾನು ಆಗ ಗಮನಿಸಲಿಲ್ಲ.

ಮೊದಲು ಶೌಚಾಲಯಕ್ಕೆ ಓಡಿದೆ. ಅಲ್ಲಿಂದ ಐಸ್ ಮಾರುವವನ ಗಾಡಿಗೆ, ಕವಡೆ ಅಂಗಡಿಗೆ, ವ್ಯಾನಿಗೆ. ವ್ಯಾನಿನ ಸೀಟುಗಳ ಕೆಳಗೂ ಬಗ್ಗಿ ನೋಡಿದೆ. ಪಿ.ಟಿ. ಮೇಷ್ಟ್ರು ಬಸ್ ನಿಲ್ದಾಣದ ಕಡೆ ಹೋದರು. ಉಳಿದ ಮಕ್ಕಳನ್ನು ಒಂದು ದೋಣಿಯ ನೆರಳಲ್ಲಿ ಕೂರಿಸಿ, ಒಬ್ಬರ ಕೈ ಒಬ್ಬರು ಬಿಡಬಾರದು ಎಂದು ಹೇಳಿ, ನಾನು ದಕ್ಷಿಣಕ್ಕೆ ಓಡಿದೆ. ಮರಳಿನಲ್ಲಿ ಓಡುವುದು ನನಗೆ ಗೊತ್ತಿರಲಿಲ್ಲ. ಕಾಲು ಹೂತುಕೊಳ್ಳುತ್ತಿತ್ತು. ಕನಸಿನಲ್ಲಿ ಓಡಿದ ಹಾಗೆ, ಎಷ್ಟು ಓಡಿದರೂ ಆ ಬಂಡೆ ಅಲ್ಲೇ ಇತ್ತು.

ಭೂಶಿರದ ಬುಡ ತಲುಪಿದಾಗ ಗಾಳಿ ಎದ್ದಿತ್ತು. ಬೆಳಿಗ್ಗೆ ಒದ್ದೆಯಾಗಿ ಬಯಲಾಗಿದ್ದ ಬಂಡೆಗಳು ಕಾಣುತ್ತಿರಲಿಲ್ಲ. ಅವುಗಳ ಮೇಲೆ ಅಲೆ ಬಿದ್ದು ಬೆಳ್ಳಗೆ ಒಡೆಯುತ್ತಿತ್ತು. ಅವಳ ಹೆಸರು ಹಿಡಿದು ಕೂಗಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಅಲೆಯ ಅಂಚಿನಲ್ಲಿ ಏನೋ ಕಪ್ಪಗೆ ತೇಲಿತು. ಮೊಣಕಾಲುದ್ದ ನೀರಿಗಿಳಿದು ಹಿಡಿದೆ. ಹಳೆಯ ಬಲೆಯ ಚೂರು. ಅದನ್ನು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ. ಹಿಂದಕ್ಕೆ ಹೋಗುವ ನೀರು ನನ್ನ ಕಾಲಿನ ಕೆಳಗಿನ ಮರಳನ್ನು ಎಳೆದುಕೊಂಡು ಹೋಗುತ್ತಿತ್ತು. ಇಷ್ಟು ಬಲವಾಗಿ ಎಳೆಯುತ್ತದೆಯೇ ಎಂದುಕೊಂಡೆ. ಮೂರು ವರ್ಷ ಪಾಠ ಮಾಡಿದ್ದೆ.

ಅದೇ ಹೊತ್ತಿಗೆ ಫೋನ್ ಬಂತು. ಅವಳ ತಾಯಿ.

ಎತ್ತಬಾರದು ಅನ್ನಿಸಿತು. ಎತ್ತದಿದ್ದರೆ ಮತ್ತೆ ಮಾಡುತ್ತಾರೆ, ಪಿ.ಟಿ. ಮೇಷ್ಟ್ರಿಗೂ ಮಾಡುತ್ತಾರೆ ಅನ್ನಿಸಿತು. ಎತ್ತಿದೆ.

"ಟೀಚರಮ್ಮ, ಎಲ್ಲಾ ಚೆಂದಾಗಿದ್ದೀರಾ? ಸಮುದ್ರವ ನೋಡುದ್ರಾ? ನನ್ ಕೂಸು ಏನ್ ಮಾಡ್ತಾವ್ಳ?"

"ನಕ್ಷೆ... ನಕ್ಷೆ ಬರೀತಿದ್ದಾಳೆ ಅಕ್ಕ. ದೂರ ಇದ್ದಾಳೆ."

"ಬರೀಲಿ ಬುಡಿ, ಕರೀಬೇಡಿ. ಒಂದ್ ಕೆಲ್ಸ ಮಾಡಿ ಟೀಚರಮ್ಮ, ಆ ಸಮುದ್ರದ ಸದ್ದ ನಂಗೂ ವಸಿ ಕೇಳುಸ್ರಿ. ಫೋನ್ನ ಅತ್ತ ಇಡೀರಿ."

ನಾನು ಫೋನನ್ನು ಅಲೆಯ ಕಡೆಗೆ ಹಿಡಿದೆ. ಎಷ್ಟು ಹೊತ್ತು ಹಿಡಿದಿದ್ದೆನೋ ತಿಳಿಯದು. ಮತ್ತೆ ಕಿವಿಗೆ ಇಟ್ಟುಕೊಂಡಾಗ ಆಕೆ ನಗುತ್ತಿದ್ದರು. "ಅಬ್ಬಾ, ಏನ್ ಸದ್ದ ಅದು! ಗಾಳಿ ಮಳೆ ಬಂದಂಗದ" ಎಂದರು. ಪಕ್ಕದಲ್ಲಿದ್ದ ಯಾರಿಗೋ ಕೇಳಿಸಲು ಇನ್ನೊಮ್ಮೆ ಹಿಡಿಯಲು ಹೇಳಿದರು. ಇನ್ನೊಮ್ಮೆ ಹಿಡಿದೆ.

ಕರೆ ಮುಗಿದಾಗ ನನಗೆ ಬದುಕಿರುವುದೇ ಬೇಡ ಅನ್ನಿಸಿತ್ತು. ಇದನ್ನು ದೊಡ್ಡ ಮಾತಿಗಾಗಿ ಬರೆಯುತ್ತಿಲ್ಲ. ಆ ನೀರಿನಲ್ಲಿ ಇನ್ನೂ ನಾಲ್ಕು ಹೆಜ್ಜೆ ಮುಂದಕ್ಕೆ ಹೋದರೆ ಊರಿಗೆ ಹೋಗಿ ಮುಖ ತೋರಿಸುವುದು ತಪ್ಪುತ್ತದೆ ಎಂಬ ಯೋಚನೆ ಬಂದಿದ್ದು ನಿಜ. ದೋಣಿಯ ನೆರಳಲ್ಲಿ ಇಪ್ಪತ್ತೊಂದು ಮಕ್ಕಳು ಕೂತಿದ್ದಾರೆ ಎಂಬುದೊಂದೇ ನನ್ನನ್ನು ಎಬ್ಬಿಸಿ ನಿಲ್ಲಿಸಿತು.

ವಾಪಸು ಹೋದಾಗ ಗೆಳತಿ ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನನ್ನ ಒದ್ದೆ ಸೀರೆ ನೋಡಿ ಅವಳಿಗೆ ಇನ್ನೂ ಭಯವಾಗಿರಬೇಕು. ಲಂಗದ ಜೇಬಿನಿಂದ ಮಡಚಿದ ಕಾಗದ ತೆಗೆದು ಕೊಟ್ಟಳು.

"ಯಾರ್ಗೂ ಯೋಳ್ಬ್ಯಾಡ ಅಂದಿದ್ಲು ಟೀಚರ್. ನೀವು ಬಯ್ತೀರಿ ಅಂತ. ಕಾಗ್ದ ಒದ್ದೆ ಆಯ್ತದ ಇಟ್ಕೊ, ಬಂದು ಮುಗುಸ್ತೀನಿ ಅಂದು ಹೋದ್ಲು."

ಅದು ಅರ್ಧ ಬರೆದ ನಕ್ಷೆ. ದಡ, ದೋಣಿಗಳು, ತೆಂಗಿನ ಮರ, ಹೆಜ್ಜೆಗಳ ಲೆಕ್ಕ, ಉತ್ತರದ ಬಾಣ. ಭೂಶಿರದ ತುದಿಯಿಂದ ಸಮುದ್ರದೊಳಕ್ಕೆ ಚುಕ್ಕೆ ಚುಕ್ಕೆಯ ಗೆರೆ ಎಳೆದು, ಕೊನೆಯಲ್ಲಿ ಒಂದು ಸಣ್ಣ ವೃತ್ತ ಹಾಕಿದ್ದಳು. ಪಕ್ಕದಲ್ಲಿ 'ಕಡಲ ಸ್ತಂಭ?' ಎಂದು ಬರೆದಿತ್ತು.

ಬಲೆ ಹೊಲಿಯುತ್ತಿದ್ದವರ ಬಳಿ ಓಡಿದೆ. ಐವತ್ತು ದಾಟಿದ ಒಬ್ಬ ಮೀನುಗಾರರು ಎದ್ದು ನಿಂತರು. ನನ್ನ ತಮಿಳು ಆ ಹೊತ್ತಿಗೆ ಎಲ್ಲಿ ಹೋಗಿತ್ತೋ, ಬಾಯಿಗೆ ಬರೀ ಕನ್ನಡ ಬರುತ್ತಿತ್ತು. ಕಾಗದ ಅವರ ಮುಂದೆ ಹಿಡಿದೆ. ಅವರಿಗೆ ಕನ್ನಡ ಅಕ್ಷರ ಬರುವುದಿಲ್ಲ. ಆದರೆ ಕಾಗದವನ್ನು ಸಮುದ್ರಕ್ಕೆ ಸರಿಯಾಗಿ ತಿರುಗಿಸಿಕೊಂಡು, ದಡದ ಮೇಲೆ ಬೆರಳು ಎಳೆದುಕೊಂಡು ಹೋಗಿ, ಆ ವೃತ್ತದ ಮೇಲೆ ನಿಲ್ಲಿಸಿದರು.

"ಪೊಣ್ಣು ಇಂಗೆಯಾ?" ಎಂದರು. ಹುಡುಗಿ ಇಲ್ಲಿಯಾ ಎಂದು.

ಹೌದೆಂದು ತಲೆಯಾಡಿಸಿದೆ. ಅವರು ಬಲೆ ಎಸೆದು ಓಡಿದರು.

ಭೂಶಿರದಾಚೆ ಬೇರೆಯಾಗಿ ನಿಂತ ಒಂದು ಬಂಡೆ ಇದೆಯಂತೆ. ಬೆಳಗಿನ ಹೊತ್ತು ಕಲ್ಲುಗಳ ಮೇಲೆ ನಡೆದು ಅಲ್ಲಿಗೆ ಹೋಗಬಹುದು. ಗಾಳಿ ಎದ್ದರೆ ವಾಪಸು ಬರಲಾಗುವುದಿಲ್ಲ. ದಡದಲ್ಲಿ ನಿಂತವರಿಗೆ ಅದರ ಆಚೆ ಬದಿ ಕಾಣುವುದೂ ಇಲ್ಲ. ಇದೆಲ್ಲವನ್ನೂ ಅವರ ಮನೆಯ ಹೆಂಗಸು ಆಮೇಲೆ ನನಗೆ ಹೇಳಿದ್ದು. "ನಮ್ಮ ಕಡೆ ನೀರು ಏರುವುದು ಇಳಿಯುವುದು ಸ್ವಲ್ಪವೇ, ಕೊಲ್ಲುವುದು ಗಾಳಿಯ ಅಲೆ. ನಮ್ಮನ್ನು ಒಂದು ಮಾತು ಕೇಳಬಾರದಾಗಿತ್ತಾ?" ಎಂದು ತಮಿಳಿನಲ್ಲಿ ಕೇಳಿದಳು. ಅದರಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ತಡೆದುಕೊಳ್ಳಲಾಗಲಿಲ್ಲ.

ದೋಣಿಯನ್ನು ಅಲೆಗೆ ಅಡ್ಡವಾಗದಂತೆ ನೂಕಿ ಒಳಕ್ಕೆ ಒಯ್ಯಲು ಎರಡು ಸಲ ಆಗಲಿಲ್ಲ. ಮೂರನೆಯ ಸಲಕ್ಕೆ ಮೋಟಾರು ಹಿಡಿಯಿತು. ಆ ಮೀನುಗಾರರೂ ಇನ್ನೊಬ್ಬರೂ ಹೋದರು. ದೋಣಿ ಭೂಶಿರದ ತುದಿ ಸುತ್ತಿ ಮರೆಯಾಯಿತು. ಪಿ.ಟಿ. ಮೇಷ್ಟ್ರು ಬಂದು ನನ್ನ ಪಕ್ಕ ನಿಂತರು. ಇಪ್ಪತ್ತು ವರ್ಷ ಮಕ್ಕಳನ್ನು ಆಡಿಸಿದ ಮನುಷ್ಯ ಅವರು. "ಇರ್ತಾಳೆ ಕಣಮ್ಮ, ಇರ್ತಾಳೆ" ಎಂದು ಒಂದೇ ಮಾತನ್ನು ಹೇಳುತ್ತಿದ್ದರು. ಸುಮ್ಮನಿರಿ ಎಂದು ಕೂಗಬೇಕೆನ್ನಿಸುತ್ತಿತ್ತು. ದೋಣಿ ಬಾರದೆ ಎಷ್ಟೋ ಹೊತ್ತಾಯಿತು. ಒಂದು ಹಂತದಲ್ಲಿ ಅದು ಬರುವುದೇ ಬೇಡ ಅನ್ನಿಸಿತು. ಬಾರದಿರುವವರೆಗೆ ಅವಳು ಬದುಕಿರುತ್ತಾಳೆ.

ದೋಣಿ ಬಂತು. ಅದರೊಳಗೆ ಮೂವರಿದ್ದರು.

ಬಂಡೆಯ ಆಚೆ ಬದಿಯ ಮೆಟ್ಟಿಲಿನಂಥ ಜಾಗದಲ್ಲಿ ಕೂತಿದ್ದಳಂತೆ. ದೋಣಿ ಹತ್ತಿರ ಹೋಗಲು ಆಗದೆ, ಆ ಹಿರಿಯರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೀರಿಗೆ ಬಿದ್ದು, ಅವಳು ನೀರಿಗೆ ಹಾರುವಂತೆ ಮಾಡಿ ಹಿಡಿದುಕೊಂಡರಂತೆ. ಅಲೆ ಇಬ್ಬರನ್ನೂ ಒಮ್ಮೆ ಬಂಡೆಗೆ ಬಡಿಯಿತು. ಅವಳ ಬಲಗೈ ಮಣಿಕಟ್ಟು ಮುರಿದಿತ್ತು, ಮೊಣಕಾಲು ಸುಲಿದು ರಕ್ತ ಸುರಿಯುತ್ತಿತ್ತು. ಅವರ ಬೆನ್ನೂ ಉದ್ದಕ್ಕೆ ಸೀಳಿತ್ತು. ನಾನು ಅವರ ಕಾಲು ಹಿಡಿಯಲು ಹೋದೆ. ಅವರು ಹಿಂದೆ ಸರಿದು, ಮೊದಲು ಆಸ್ಪತ್ರೆಗೆ ಎಂದು ಕೈ ತೋರಿಸಿದರು.

ಹತ್ತಿರದ ಪಟ್ಟಣದ ಆಸ್ಪತ್ರೆಯಲ್ಲಿ ಕೈಗೆ ಕಟ್ಟು ಹಾಕುವಾಗ ಅವಳು ಅಳಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ಯಾಕೆ ಹೋದೆ ಕೂಸು? ಬುಡದವರೆಗೆ ಮಾತ್ರ ಅಂದಿದ್ದೆನಲ್ಲ?"

"ಪುಸ್ತಕದಾಗಿರೋ ಸ್ತಂಭ ಅದೇನಾ ಅಂತ ನೋಡಕ್ಕ ಹೋದಿ ಟೀಚರ್. ಆರು ಗಂಟೆ ಟೈಮದ ಅಂತ ನೀವೇ ಯೋಳಿದ್ರಲ್ಲ."

ನಾನು ಹೊರಗೆ ಹೋಗಿ ಗೋಡೆಗೆ ಒರಗಿ ನಿಂತೆ. ಊರಿಗೆ ಹೋದ ಮೇಲೆ ನಿಧಾನಕ್ಕೆ ಹೇಳೋಣ ಎಂದರು ಪಿ.ಟಿ. ಮೇಷ್ಟ್ರು. ನನಗೆ ಇನ್ನೊಂದು ಸುಳ್ಳು ಹೊರುವ ಶಕ್ತಿ ಇರಲಿಲ್ಲ. ಅವಳ ತಾಯಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಮಗಳ ಕೈಗೂ ಫೋನ್ ಕೊಟ್ಟೆ. ಅವಳು "ಏನಿಲ್ಲ ಕಣವ್ವ, ಚೆಂದಾಗಿವ್ನಿ" ಎಂದು ಎರಡು ಮಾತಾಡಿ ವಾಪಸು ಕೊಟ್ಟಳು. ಆಮೇಲೆ ತಾಯಿ ಕೇಳಿದರು.

"ನಾನು ಫೋನ್ ಮಾಡ್ದಾಗ ಇವ್ಳು ಎಲ್ಲಿದ್ಲು ಟೀಚರಮ್ಮ?"

"ಗೊತ್ತಿರಲಿಲ್ಲ ಅಕ್ಕ. ಹುಡುಕ್ತಿದ್ದೆ."

ಫೋನ್ ಕಟ್ಟಾಯಿತು.

ಮಾರನೆಯ ದಿನ ಶಾಲೆಯ ಗೇಟಿನಲ್ಲಿ ಗಂಡ ಹೆಂಡತಿ ಇಬ್ಬರೂ ನಿಂತಿದ್ದರು. ತಂದೆ ಮಗಳ ಚೀಲ ತೆಗೆದುಕೊಂಡರು. ತಾಯಿ ಅವಳನ್ನು ತಲೆಯಿಂದ ಕಾಲಿನವರೆಗೆ ಸವರಿ ನೋಡಿ, ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಕರೆದುಕೊಂಡು ಹೋದರು. ವಾರದೊಳಗೆ ಪೋಷಕರ ಸಭೆ ನಡೆಯಿತು. ಕೂಗಾಟವಾಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ನನ್ನಿಂದ ತಪ್ಪಾಗಿದೆ ಎಂದು ಬರೆದುಕೊಟ್ಟೆ. ಬೇಸಿಗೆ ರಜೆಯ ನಂತರ ಬರುವುದು ಬೇಡ ಎಂದು ಮುಖ್ಯೋಪಾಧ್ಯಾಯರು ತಲೆ ತಗ್ಗಿಸಿಕೊಂಡು ಹೇಳಿದರು. ಮುಂದಿನ ವರ್ಷ ಹತ್ತನೇ ತರಗತಿಗೆ ಹೋದ ಆ ಮಕ್ಕಳಿಗೆ ಸಮಾಜ ವಿಜ್ಞಾನಕ್ಕೆ ಯಾರೂ ಸಿಗಲಿಲ್ಲ. ಆ ಪಾಪವೂ ನನ್ನದೇ.

ಆ ತಾಯಿಯ ಹೊಲಕ್ಕೆ ಎರಡು ಸಲ ಹೋದೆ. ಮೊದಲ ಸಲ ಆಕೆ ಕಳೆ ಕೀಳುತ್ತಾ ಸಾಲಿನ ಆ ಕೊನೆಗೆ ಹೋದವರು ತಿರುಗಿ ಬರಲಿಲ್ಲ. ಎರಡನೆಯ ಸಲ ಬದುವಿನ ಮೇಲೆ ಬಂದು ಕೂತರು. ನನಗೂ ಕೂರಲು ಹೇಳಿದರು.

"ತಪ್ಪು ಎಲ್ಲಾರ್ ಕೈಲೂ ಆಯ್ತದ. ಕಾಡ್ನಾಗೂ ಆಯ್ತದ. ಅದ್ಕ ನಂಗೆ ನಿಮ್ ಮ್ಯಾಲ ಕ್ವಾಪ ಇಲ್ಲ. ಆದ್ರ ನನ್ ಕೂಸ ನುಂಗಕ್ಕ ನಿಂತಿದ್ದ ನೀರ ಸದ್ದ ನನ್ ಕಿವೀಗ್ ಇಟ್ರಲ್ಲ. ನಾನು ನಕ್ಕೊಂಡು ಕೇಳ್ದಿ. ಪಕ್ಕದ್ಮನೆಯವ್ಳಿಗೂ ಕೇಳುಸ್ದಿ. ಯಾಕ ಟೀಚರಮ್ಮ?"

ಹೆದರಿದ್ದೆ ಎಂದು ಹೇಳಬಹುದಿತ್ತು. ಅದು ಅವರಿಗೂ ಗೊತ್ತಿತ್ತು. ಎದ್ದು ಬಂದೆ. ಮೂರನೆಯ ಸಲ ಹೋಗಲಿಲ್ಲ.

ಒಂದು ವರ್ಷ ಮನೆಯಲ್ಲೇ ಇದ್ದೆ. ಅಪ್ಪನ ಜೊತೆ ಹೊಲದ ಕೆಲಸ ಮಾಡಿದೆ. ಮೂಲೆಯಲ್ಲಿದ್ದ ಅಟ್ಲಾಸನ್ನು ತಮ್ಮನ ಮಗನಿಗೆ ಕೊಟ್ಟುಬಿಟ್ಟೆ. ಈಗ ತಾಳಮಲೆಯ ಕಡೆ ಸಣ್ಣ ಮಕ್ಕಳಿಗೆ ಅಕ್ಷರ, ಲೆಕ್ಕ ಹೇಳಿಕೊಡುತ್ತೇನೆ. ಆ ಪುಸ್ತಕಗಳಲ್ಲಿ ಸಮುದ್ರವಿಲ್ಲ.

ಆ ಹುಡುಗಿ ಹತ್ತನೇ ತರಗತಿ ಪಾಸಾದಳು ಎಂದು ಬೇರೆಯವರಿಂದ ತಿಳಿಯಿತು. ಈಗ ಹನ್ನೆರಡನೇ ತರಗತಿ. ಒಮ್ಮೊಮ್ಮೆ ತಾಳವಾಡಿಯ ಬಸ್ಸಿನಲ್ಲಿ ಸಿಗುತ್ತಾಳೆ. ಮೊದಲ ಸಲ ನಾನೇ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ. ಅವಳೇ ಬಂದು ಪಕ್ಕದಲ್ಲಿ ಕೂತಳು. ಬಲಗೈ ಮಣಿಕಟ್ಟು ಇನ್ನೂ ಪೂರ್ತಿ ಬಗ್ಗುವುದಿಲ್ಲ. ಬರೆಯುವಾಗ ನೋಯುತ್ತದೆಯಾ ಎಂದು ಕೇಳಿದೆ. "ಚಳೀಲಿ ವಸಿ ನೋಯ್ತದ ಟೀಚರ್" ಎಂದಳು. ಆಮೇಲೆ ಅಕ್ಕನ ಮದುವೆ, ಹೊಸ ಇಂಗ್ಲಿಷ್ ಮೇಷ್ಟ್ರು, ಮನೆಯಲ್ಲಿ ಕರು ಹಾಕಿದ ಹಸು ಎಂದು ಏನೇನೋ ಮಾತಾಡಿದಳು. ಬಂಡೆಯ ಮೇಲೆ ಒಬ್ಬಳೇ ಕೂತಿದ್ದಾಗ ನನ್ನನ್ನು ಕೂಗಿದ್ದಳಾ, ಎಷ್ಟು ಸಲ ಕೂಗಿದ್ದಳು ಎಂದು ಕೇಳಬೇಕೆಂದು ಪ್ರತಿ ಸಲವೂ ನಾಲಿಗೆಯ ತುದಿಗೆ ಬರುತ್ತದೆ. ಕೇಳುವುದರೊಳಗೆ ಅವಳ ಊರು ಬರುತ್ತದೆ. "ಬತ್ತೀನಿ ಟೀಚರ್" ಎಂದು ಇಳಿದು ಹೋಗುತ್ತಾಳೆ.